ಕಹೋಲಾವೆ: ಸೇನೆಯ ವಶದಲ್ಲಿದ್ದ ಒಂದು ಪುಣ್ಯಭೂಮಿ

ಭೂಮಿಯನ್ನು ವಶಪಡಿಸಿಕೊಂಡವನು ಅದಕ್ಕೆ ಬೇಲಿ ಹಾಕಬಲ್ಲನು. ಆ ಭೂಮಿಯಲ್ಲಿ ತಲೆಬಾಗಿ ನಡೆದವರ ಭಕ್ತಿಗೆ ಬೇಲಿ ಹಾಕಲಾರನು. ಶಾಂತಸಾಗರದ ಹವಾಯಿ ದ್ವೀಪಸಮೂಹಕ್ಕೆ ಸೇರಿದ ಕಹೋಲಾವೆಯ ಚರಿತ್ರೆಯು ಇದಕ್ಕೆ ಸಾಕ್ಷಿಯಾಗಿದೆ.

ಸುಮಾರು 115 ಚದರ ಕಿಲೋಮೀಟರು ವಿಸ್ತೀರ್ಣದ ಈ ನಡುಗಡ್ಡೆಯು ಮಾವೀ ದ್ವೀಪದ ನೈಋತ್ಯಕ್ಕಿದೆ. ಮೂಲನಿವಾಸಿಗಳು ಇದನ್ನು ಸಮುದ್ರದೇವನಾದ ಕನಲೋವನ ಹೆಸರಿನಿಂದ ಕರೆದು ಪೂಜ್ಯವೆಂದು ಭಾವಿಸಿದ್ದರು. ಕಲ್ಲು ಜೋಡಿಸಿ ಕಟ್ಟಿದ ಪೂಜಾಸ್ಥಾನಗಳೂ ಬೆಸ್ತರ ಗುಡಿಗಳೂ ಇಲ್ಲಿದ್ದವು.

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ದಾಳಿಯಾದೊಡನೆ ಅಮೆರಿಕದ ಸೇನೆಯು ಯುದ್ಧಾಭ್ಯಾಸಕ್ಕೆಂದು ದ್ವೀಪವನ್ನು ವಶಪಡಿಸಿಕೊಂಡಿತು. ಯುದ್ಧ ಮುಗಿದರೂ ಭೂಮಿ ಮರಳಲಿಲ್ಲ. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರರ ಆಜ್ಞೆಯು ಅದನ್ನು ನೌಕಾಪಡೆಗೆ ಒಪ್ಪಿಸಿತು. ಬೇಡವಾದಾಗ ವಾಸಯೋಗ್ಯವಾಗಿ ಶುದ್ಧಗೊಳಿಸಿ ಹಿಂದಿರುಗಿಸಬೇಕೆಂಬ ನಿಬಂಧನೆಯೂ ಅದರಲ್ಲಿದ್ದಿತು. 1965ರಲ್ಲಿ ತಲಾ 500 ಟನ್ನು ಸ್ಫೋಟಕದ ಮೂರು ಪರೀಕ್ಷೆಗಳು ಇಲ್ಲಿಯೇ ನಡೆದವು.

1976ರ ಜನವರಿ 4ರಂದು ಒಂಬತ್ತು ಜನರು ನಿಷೇಧವನ್ನು ಮೀರಿ ದ್ವೀಪದ ಮೇಲೆ ಕಾಲಿಟ್ಟರು. ಅಲ್ಲಿಂದ ‘ಅಲೋಹಾ ಐನಾ’, ಅಂದರೆ ನೆಲದ ಮೇಲಿನ ಪ್ರೀತಿ ಎಂಬ ಮಾತು ಚಳವಳಿಯ ಉಸಿರಾಯಿತು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1977ರ ಮಾರ್ಚಿನಲ್ಲಿ, ದ್ವೀಪದಲ್ಲಿ ಉಳಿದಿದ್ದ ಸಂಗಾತಿಗಳನ್ನು ಅರಸಿ ಹೋದ ಗಾಯಕ ಜಾರ್ಜ್ ಹೆಲ್ಮ್ ಹಾಗೂ ಕಿಮೋ ಮಿಚೆಲ್ ಕಡಲಿನಲ್ಲಿ ಕಾಣೆಯಾದರು, ಮರಳಿ ಬರಲಿಲ್ಲ.

ಹೋರಾಟವು ನ್ಯಾಯಾಲಯದಲ್ಲಿಯೂ ನಡೆಯಿತು. ವೈದ್ಯ ಎಮ್ಮೆಟ್ ಅಲುಲಿ ಮುಂತಾದವರು ಹೂಡಿದ ದಾವೆಯು 1980ರಲ್ಲಿ ಒಪ್ಪಂದದ ತೀರ್ಪಿನಲ್ಲಿ ಕೊನೆಗೊಂಡಿತು. ಬಾಂಬುದಾಳಿಯ ಅಭ್ಯಾಸ ನಿಲ್ಲಲಿಲ್ಲ. ಆದರೆ ಅದಕ್ಕೆ ಮಿತಿ ಬಿದ್ದು, ಜನರು ನಿಯತವಾಗಿ ಅಲ್ಲಿಗೆ ಹೋಗಿಬರಲು ಅವಕಾಶ ದೊರೆಯಿತು. 1982ರಲ್ಲಿ ಮಳೆಬೆಳೆಗಳ ದೇವನಾದ ಲೋನೋವಿನ ‘ಮಕಹಿಕಿ’ ಉತ್ಸವವನ್ನು ಅವರು ಅಲ್ಲಿ ಪುನಃ ಆರಂಭಿಸಿದರು. ಆಡುಗಳು ಮೇಯ್ದು, ಬಾಂಬುಗಳು ಸುಟ್ಟು ಬರಡಾದ ಕೆಂಪು ಮಣ್ಣಿನ ಮೇಲೆ ನಿಂತು, ಅದು ಮತ್ತೆ ಹಸುರಾಗಲೆಂದು ಮಳೆಯನ್ನು ಬೇಡಿದ ಪೂಜೆ ಅದಾಗಿದ್ದಿತು.

1990ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಬಾಂಬುದಾಳಿಯನ್ನು ನಿಲ್ಲಿಸಿದರು. 1993ರಲ್ಲಿ ಶುದ್ಧೀಕರಣಕ್ಕಾಗಿ 40 ಕೋಟಿ ಡಾಲರುಗಳವರೆಗೆ ಮಂಜೂರಾತಿ ದೊರೆಯಿತು. 1994ರಲ್ಲಿ ದ್ವೀಪದ ಒಡೆತನವು ಹವಾಯಿ ರಾಜ್ಯಕ್ಕೂ, 2003ರಲ್ಲಿ ಪ್ರವೇಶದ ನಿಯಂತ್ರಣವೂ ಅದಕ್ಕೇ ಮರಳಿದವು. ಈ ನೆಲವು ಮೂಲನಿವಾಸಿಗಳ ಸಂಸ್ಕೃತಿ ಹಾಗೂ ಆರಾಧನೆಗೇ ಮೀಸಲಾಗಿರಬೇಕು, ವ್ಯಾಪಾರಕ್ಕೆ ಸಲ್ಲದು ಎಂದು ರಾಜ್ಯದ ಕಾನೂನು ವಿಧಿಸಿತು.

ಆದರೂ ಕೊಟ್ಟ ಮಾತು ಪೂರ್ಣವಾಗಿ ನೆರವೇರಲಿಲ್ಲ. 2004ರಲ್ಲಿ ನೌಕಾಪಡೆಯು ಹಿಂದೆ ಸರಿದಾಗ ಸುಮಾರು ನಾಲ್ಕನೆಯ ಒಂದು ಭಾಗವನ್ನು ಮುಟ್ಟಿಯೇ ಇರಲಿಲ್ಲ. ಉಳಿದುದರಲ್ಲಿಯೂ ಬಹುಪಾಲು ಶುದ್ಧವಾದುದು ಮೇಲ್ಮೈ ಮಾತ್ರ. ಆದುದರಿಂದ ದೇವರ ನೆಲದಲ್ಲಿ ನಡೆಯುವ ಭಕ್ತನು ಇಂದಿಗೂ ಅನುಮತಿ ಪಡೆದು, ಸುರಕ್ಷಿತವೆಂದು ಗುರುತಿಸಿದ ದಾರಿಯಲ್ಲಿಯೇ ಹೆಜ್ಜೆಯಿಡಬೇಕಾಗಿದೆ. ಆತನು ಹೋಗುವುದನ್ನು ಮಾತ್ರ ಬಿಟ್ಟಿಲ್ಲ.