ಶಟರ್ ಎತ್ತದೆ ಸರ್ವರ್ ಆಫ್-ಆನ್: ಮೊಬೈಲ್‌ನಿಂದಲೇ ಕರೆಂಟ್ ನಿಯಂತ್ರಣ ಹೇಗೆ?

ದಾವಣಗೆರೆ/ಹರಿಹರ: ಮನೆ ದಾವಣಗೆರೆಯಲ್ಲಿ, ಗೋದಾಮು ಹರಿಹರದಲ್ಲಿ. ಟ್ಯಾಲಿ ಲೆಕ್ಕವೆಲ್ಲ ಇರುವ ಸರ್ವರ್ ಗೋದಾಮಿನ ಮೂಲೆ ರೂಮಿನಲ್ಲಿ. ರಾತ್ರಿ ಹತ್ತಕ್ಕೆ ಅದು ಹ್ಯಾಂಗ್ ಆಯ್ತು ಅಂದ್ರೆ ಏನ್ಮಾಡ್ತೀರಿ? ಬೈಕ್ ಹತ್ತಿ ಸುಮಾರು 14 ಕಿ.ಮೀ. ಹೋಗಿ, ಶಟರ್ ಎತ್ತಿ, ಸ್ವಿಚ್ ಆಫ್ ಮಾಡಿ ಆನ್ ಮಾಡಿ ವಾಪಸ್ ಬರ್ಬೇಕು. ಹತ್ತು ಸೆಕೆಂಡಿನ ಕೆಲಸಕ್ಕೆ ಒಂದೂವರೆ ಗಂಟೆ.

ಮನೆಯಲ್ಲಿ ಕೂತೇ ಇದನ್ನು ಮಾಡಬಹುದು. ನಮ್ಮ ಕಡೆ ಇದು ಹೊಸದೂ ಅಲ್ಲ. ತೋಟದ ಪಂಪ್‌ಸೆಟ್‌ಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಕೂರಿಸಿ ರೈತರು ಊರಿಂದಲೇ ಮೋಟರ್ ಚಾಲೂ ಮಾಡ್ತಿಲ್ವೇ? ಸರ್ವರ್ ರೂಮಿನದೂ ಅದೇ ಲೆಕ್ಕ.

ಏನೇನು ಸಾಮಾನು ಬೇಕು?

ಒಂದೇ ಕಂಪ್ಯೂಟರ್ ಇರುವ ಸಣ್ಣ ಅಂಗಡಿಗೆ ವೈಫೈ ಸ್ಮಾರ್ಟ್ ಪ್ಲಗ್ ಸಾಕು. ಯುಪಿಎಸ್ ಮತ್ತು ಕಂಪ್ಯೂಟರ್ ನಡುವೆ ಇದನ್ನು ಸಿಕ್ಕಿಸಬೇಕು. ಕರೆಂಟ್ ಹೋಗಿ ಬಂದಾಗ ಪ್ಲಗ್ ತಾನಾಗಿ ಆನ್ ಸ್ಥಿತಿಗೆ ಬರುತ್ತೋ, ಆಫ್ ಆಗೇ ಉಳಿಯುತ್ತೋ ಅಂತ ಕೊಳ್ಳುವಾಗಲೇ ಕೇಳಿ. ಸರ್ವರ್, ಸ್ವಿಚ್, ಕ್ಯಾಮೆರಾ ಡಿವಿಆರ್ ಎಲ್ಲ ಒಂದೇ ರ‍್ಯಾಕ್‌ನಲ್ಲಿದ್ದರೆ ನೆಟ್‌ವರ್ಕ್ ಪಿಡಿಯು ತಗೊಳ್ಳಿ. ನೋಡೋಕೆ ಎಕ್ಸ್‌ಟೆನ್ಷನ್ ಬೋರ್ಡ್ ತರಾನೇ. ಆದರೆ ಪ್ರತಿ ಸಾಕೆಟ್ಟನ್ನೂ ದೂರದಿಂದ ಬೇರೆ ಬೇರೆಯಾಗಿ ಆಫ್-ಆನ್ ಮಾಡಬಹುದು. ಎಚ್‌ಪಿ, ಡೆಲ್ ಕಂಪನಿಗಳ ದೊಡ್ಡ ಸರ್ವರ್ ಆದರೆ ಐಎಲ್‌ಒ, ಐಡ್ರ್ಯಾಕ್ ಎಂಬ ನಿರ್ವಹಣಾ ಪೋರ್ಟ್ ಒಳಗೇ ಇರುತ್ತೆ. ಬಹಳ ಕಡೆ ಅದಕ್ಕೆ ಕೇಬಲ್ಲೇ ಸಿಕ್ಕಿಸಿರುವುದಿಲ್ಲ, ಒಮ್ಮೆ ಹಿಂದೆ ನೋಡಿ.

ನೇರ ಕರೆಂಟ್ ಕತ್ತರಿಸುವುದು ಕೊನೆಯ ಉಪಾಯ. ಲೆಕ್ಕ ಬರೆಯುವ ನಡುವೆ ಕರೆಂಟ್ ಹೋದರೆ ಡೇಟಾ ಕೆಡುತ್ತೆ. ಮೊದಲು ರಿಮೋಟ್ ಆಗಿ ಒಳಹೊಕ್ಕು ಶಟ್‌ಡೌನ್ ಕೊಟ್ಟು ನೋಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಪ್ಲಗ್ ಆಫ್.

ಎಲ್ಲರೂ ಎಡವುವ ಜಾಗ

ರೂಟರ್ ಹ್ಯಾಂಗ್ ಆಗಿದೆ, ಪ್ಲಗ್ ಆ ರೂಟರ್‌ನ ವೈಫೈ ಮೇಲೇ ನಿಂತಿದೆ. ಆಗ ಮೊಬೈಲ್‌ನಲ್ಲಿ ಎಷ್ಟು ಒತ್ತಿದರೂ ಆಜ್ಞೆ ತಲುಪಲ್ಲ. ಇನ್ನೂ ಫಜೀತಿ ಅಂದ್ರೆ, ರೂಟರ್‌ಗೇ ಸ್ಮಾರ್ಟ್ ಪ್ಲಗ್ ಹಾಕಿ ಆಫ್ ಮಾಡಿದರೆ ಮತ್ತೆ ಆನ್ ಮಾಡಲು ದಾರಿಯೇ ಇಲ್ಲ. ಕೂತ ಕೊಂಬೆ ಕಡಿದ ಹಾಗೆ. ದೊಡ್ಡವರೂ ಹೀಗೆ ಸಿಕ್ಕಿಬಿದ್ದಿದ್ದಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ನಿಂತಾಗ ದೂರದಿಂದ ಒಳಹೋಗುವ ಬದಲಿ ದಾರಿಯೂ ಮುಚ್ಚಿತ್ತು. ಎಂಜಿನಿಯರುಗಳೇ ಸ್ಥಳಕ್ಕೆ ಹೋಗಬೇಕಾಯಿತು.

ಹಾಗಾಗಿ ಕರೆಂಟ್ ಆಜ್ಞೆಗೆ ಬೇರೆಯದೇ ದಾರಿ ಇಡಿ. ಫೈಬರ್ ಒಂದು ಕಂಪನಿಯದಾದರೆ ಇನ್ನೊಂದು ಕಂಪನಿಯ ಸಿಮ್ ಹಾಕಿದ 4ಜಿ ರೂಟರ್ ಆಗಬಹುದು. ಎಸ್ಸೆಮ್ಮೆಸ್ಸಿಗೆ ಆಫ್-ಆನ್ ಆಗುವ ಸಿಮ್ ರಿಲೇ ಆದರೂ ಸರಿ, ಅದು ಥೇಟ್ ಮೊಬೈಲ್ ಸ್ಟಾರ್ಟರೇ. ಇವನ್ನೂ ಫೈಬರ್ ಪೆಟ್ಟಿಗೆಯನ್ನೂ ಯುಪಿಎಸ್‌ಗೆ ಸೇರಿಸಿ. ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಬೇಡ, ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತೆ.

ಕರೆಂಟ್ ಬಂದ ಮೇಲೆ

ಸಬ್‌ಸ್ಟೇಷನ್ ನಿರ್ವಹಣೆಗೆಂದು ಬೆಸ್ಕಾಂ ದಿನವಿಡೀ ವಿದ್ಯುತ್ ವ್ಯತ್ಯಯ ಪ್ರಕಟಿಸಿದ ದಿನ ಸಣ್ಣ ಯುಪಿಎಸ್ ತಡೆಯಲ್ಲ. ಯುಪಿಎಸ್‌ನಿಂದ ಸರ್ವರ್‌ಗೆ ಯುಎಸ್‌ಬಿ ಕೇಬಲ್ ಹಾಕಿ, ಅದರ ಸಾಫ್ಟ್‌ವೇರ್ ಕೂರಿಸಿದರೆ ಬ್ಯಾಟರಿ ಇಳಿಯುವಾಗ ಸರ್ವರ್ ತಾನೇ ಶಟ್‌ಡೌನ್ ಆಗುತ್ತೆ. ಕರೆಂಟ್ ಬಂದಾಗ ತಾನೇ ಏಳಲು ಬಯಾಸ್‌ನಲ್ಲಿ ‘ಎಸಿ ಪವರ್ ಲಾಸ್’ ಎಂಬ ಜಾಗದಲ್ಲಿ ‘ಪವರ್ ಆನ್’ ಆಯ್ಕೆ ಮಾಡಿ.

ಇಲ್ಲೊಂದು ತೊಡಕಿದೆ. ಸರ್ವರ್ ಮಲಗಿದೆ, ಯುಪಿಎಸ್ ಮಾತ್ರ ಇನ್ನೂ ಜೀವ ಹಿಡಿದಿದೆ, ಅಷ್ಟರಲ್ಲಿ ಕರೆಂಟ್ ಬಂತು. ಸರ್ವರ್ ಪಾಲಿಗೆ ಕರೆಂಟ್ ಹೋಗಿಯೇ ಇಲ್ಲ, ಹಾಗಾಗಿ ಏಳುವುದಿಲ್ಲ! ಆಗ ಪ್ಲಗ್ ಹತ್ತು ಸೆಕೆಂಡ್ ಆಫ್ ಮಾಡಿ ಆನ್ ಮಾಡಿದರೆ ಎಚ್ಚರಾಗುತ್ತೆ.

ಎಲ್ಲವನ್ನೂ ಒಟ್ಟಿಗೆ ಎಬ್ಬಿಸಬೇಡಿ. ಆಟೋ ಸ್ಟಾರ್ಟರ್ ಹಾಕಿದ ಮೋಟರ್‌ಗಳೆಲ್ಲ ಒಮ್ಮೆಲೇ ಶುರುವಾದರೆ ಟಿಸಿ ಮೇಲೆ ಎಂಥ ಹೊರೆ ಬೀಳುತ್ತೆ ಗೊತ್ತಲ್ಲ. ಪಿಡಿಯುನಲ್ಲಿ ಮೊದಲು ರೂಟರ್, ಆಮೇಲೆ ಸರ್ವರ್ ಅಂತ ಕೆಲವು ಸೆಕೆಂಡುಗಳ ಅಂತರ ಇಡಬಹುದು.

ಪಾಸ್‌ವರ್ಡ್ ಬದಲಿಸಿದ್ದೀರಾ?

ಕಂಪನಿ ಕೊಟ್ಟ ‘ಅಡ್ಮಿನ್’ ಪಾಸ್‌ವರ್ಡ್ ಹಾಗೇ ಬಿಟ್ಟರೆ ಮೇನ್ ಸ್ವಿಚ್ಚನ್ನು ಬೀದಿಯಲ್ಲಿಟ್ಟಂತೆ. ಇಂಟರ್ನೆಟ್‌ಗೆ ತೆರೆದಿರುವ ಯುಪಿಎಸ್‌ಗಳೊಳಗೆ ಹ್ಯಾಕರ್‌ಗಳು ಇದೇ ದಾರಿಯಲ್ಲಿ ನುಗ್ಗುತ್ತಿದ್ದಾರೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2022ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು. ವಿಪಿಎನ್ ಮೂಲಕ ಮಾತ್ರ ಒಳಬರುವಂತೆ ಮಾಡಿಸಿ. ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲ್‌ನಲ್ಲಿ ಆ್ಯಪ್ ಇನ್ನೂ ಲಾಗಿನ್ ಆಗಿದೆಯಾ ಅಂತಲೂ ನೋಡಿ.

ಎಲ್ಲ ಜೋಡಿಸಿದ ಮೇಲೆ ಒಂದು ಭಾನುವಾರ ಗೋದಾಮಿನಲ್ಲಿ ಒಬ್ಬರನ್ನು ನಿಲ್ಲಿಸಿ ಮನೆಯಿಂದ ಆಫ್-ಆನ್ ಮಾಡಿ ನೋಡಿ. ಆ ಸಿಮ್‌ನ ರೀಚಾರ್ಜ್ ತಾರೀಖು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ದಿನಾ ಬಳಸದ ಸಿಮ್ ಆದ್ದರಿಂದ ಅದು ಬಂದ್ ಆದದ್ದು ಯಾರ ಗಮನಕ್ಕೂ ಬರುವುದಿಲ್ಲ.