ಬಾಹುಕನ ಮಾತು ಯಾರದು? ತೆಂಕುತಿಟ್ಟಿನ ಹಾಸ್ಯಗಾರನ ಕರ್ತೃತ್ವದ ಪ್ರಶ್ನೆ

ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬನಿಗಾಗಿ ನಮ್ಮ ವಿದ್ವಾಂಸರು ಆಡಿದಷ್ಟು ಜಗಳವನ್ನು ವಾಲಿ ಸುಗ್ರೀವರೂ ಆಡಿರಲಾರರು. ಮುಳಿಯ ತಿಮ್ಮಪ್ಪಯ್ಯನವರು ಅವನನ್ನು ಕಣಿಪುರದ, ಅಂದರೆ ಕುಂಬಳೆಯ, ಗೋಪಾಲಕೃಷ್ಣನ ನೆಲದ ಕವಿಯೆಂದು ನಿಲ್ಲಿಸಿದರು. ಶಿವರಾಮ ಕಾರಂತರು ಅವನ ಹೆಸರಿನ ರಾಮಾಯಣ ಪ್ರಸಂಗಗಳನ್ನು ಕಿತ್ತು ಅಜಪುರದ, ಅಂದರೆ ಬ್ರಹ್ಮಾವರದ, ಸುಬ್ಬನಿಗೆ ಕೊಟ್ಟರು. 1975ರಲ್ಲಿ ‘ಪಾರ್ತಿಸುಬ್ಬನ ಯಕ್ಷಗಾನಗಳು’ ಸಂಪಾದಿಸಿದ ಕುಕ್ಕಿಲ ಕೃಷ್ಣ ಭಟ್ಟರು ಅವನ್ನು ಮತ್ತೆ ಕುಂಬಳೆಗೆ ತಂದರು. ನಾನು ಕುಕ್ಕಿಲರ ಪಕ್ಷದವನು. ಅದನ್ನು ಮುಚ್ಚಿಟ್ಟು ನಿಷ್ಪಕ್ಷಪಾತದ ವೇಷ ಕಟ್ಟುವ ಅಭ್ಯಾಸ ನನಗಿಲ್ಲ. ಆದರೆ ಈ ಲೇಖನದ ತಕರಾರು ಮೂವರ ಮೇಲೂ ಇದೆ. ಮೂವರೂ ಕಾದಾಡಿದ್ದು ಭಾಗವತ ಹಾಡುವ ಪದಗಳಿಗಾಗಿ. ಆಟದ ಅರ್ಧ ರಾತ್ರಿಯನ್ನು ತುಂಬುವ ಮಾತು ಯಾರದೆಂಬ ಪ್ರಶ್ನೆ ಈ ಜಗಳದೊಳಗೆ ಬರಲೇ ಇಲ್ಲ.

ಕೇಳದಿರುವುದಕ್ಕೆ ಒಂದು ರೂಢಿಯ ಉತ್ತರ ಸಿದ್ಧವಾಗಿದೆ: ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ ಮಾತ್ರ, ಅರ್ಥ, ಅಂದರೆ ಮಾತು, ವೇಷಧಾರಿಯ ಆಶುರಚನೆ, ಹಾಸ್ಯವಂತೂ ಆ ಆಶುವಿಗೂ ಆಶು, ನಿದ್ದೆ ತೂಗುವ ಪ್ರೇಕ್ಷಕನನ್ನು ಎಬ್ಬಿಸಲು ನಂತರ ಸೇರಿಕೊಂಡ ಬೆರಕೆ. ಈ ಓದು ತಪ್ಪೆಂದು ತೋರಿಸಲು ನನಗೆ ಒಂದೇ ಸಾಕ್ಷಿ ಸಾಕು. ಅದು ನಳದಮಯಂತಿ ಪ್ರಸಂಗದ ಬಾಹುಕ.

ಆಟ ನೋಡಿ ಬಲ್ಲವರಿಗೆ ಇದು ಹೊಸತಲ್ಲ. ನಳನ ವೇಷ ಒಬ್ಬನದು. ಕಾರ್ಕೋಟಕ ಕಚ್ಚಿದ ಮೇಲೆ ಬರುವ ಬಾಹುಕ ಇನ್ನೊಬ್ಬನದು, ಆ ಇನ್ನೊಬ್ಬ ಹಾಸ್ಯಗಾರ. ಒಬ್ಬನೇ ಮನುಷ್ಯ, ಎರಡು ವೇಷ. ಪ್ರಸಂಗದ ಪುಟ ತೆರೆದು ಬಾಹುಕನ ಪದಗಳನ್ನು ಓದಿದರೆ ಅಲ್ಲಿ ಮಾತಾಡುವವನು ರಾಜ್ಯ ಕಳೆದುಕೊಂಡ, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು ಬಂದ ನಳನೇ. ‘ಇದನ್ನು ಹಾಸ್ಯಗಾರನಿಗೆ ಕೊಡಿ’ ಎಂದು ಪುಟ ಹೇಳುವುದಿಲ್ಲ. ಆದರೂ ಮೇಳದಿಂದ ಮೇಳಕ್ಕೆ, ತಿರುಗಾಟದಿಂದ ತಿರುಗಾಟಕ್ಕೆ ಬಾಹುಕ ಹಾಸ್ಯಗಾರನ ಪಾಲಿಗೇ ಬಂದಿದ್ದಾನೆ. ಬರವಣಿಗೆಯ ಆಸರೆಯಿಲ್ಲದೆ ಇಷ್ಟು ಗಟ್ಟಿಯಾಗಿ ಉಳಿದುದನ್ನು ಆಶು ಎನ್ನುವುದು ಹೇಗೆ? ಆಶುವಿನ ಗುಣ ಬದಲಾಗುವುದು; ಇದು ಬದಲಾಗಿಲ್ಲ.

ವೇಷ ಕಟ್ಟುವ ಚೌಕಿಯಲ್ಲಿ ಈ ಬರೆಯದ ಕ್ರಮಕ್ಕೊಂದು ಹೆಸರಿದೆ: ನಡೆ. ‘ಅವನಿಗೆ ಪ್ರಸಂಗದ ನಡೆ ಗೊತ್ತುಂಟು’ ಎಂದರೆ, ಯಾವ ಪದಕ್ಕೆ ಯಾರ ಪ್ರವೇಶ, ಭಾಗವತ ಎಲ್ಲಿ ಪಡಿಮಾತು ಕೊಡಬೇಕು, ಎಲ್ಲಿ ಮಾತನ್ನು ಬೆಳೆಸಬಹುದು, ಎಲ್ಲಿ ಕಡಿಯಬೇಕು ಎಂಬುದೆಲ್ಲ ಗೊತ್ತುಂಟು ಎಂದರ್ಥ. ನಮ್ಮ ಸಂಪಾದಕರು ತಾಳೆಗರಿಯ ಪಾಠಾಂತರಗಳನ್ನು ಅಕ್ಷರ ಅಕ್ಷರವಾಗಿ ಗುರುತಿಸಿ, ನಡೆಯನ್ನು ಕಲಾವಿದರ ಖಾಸಗಿ ಸೊತ್ತೆಂಬಂತೆ ಬಿಟ್ಟರು. ನಡೆಯೂ ಒಂದು ಪಾಠ. ಅದರ ಲಿಪಿ ನೆನಪು, ಅಷ್ಟೇ.

ಬಾಹುಕನನ್ನು ಹಾಸ್ಯಗಾರನಿಗೆ ಕೊಟ್ಟ ಆ ಹೆಸರಿಲ್ಲದ ಕರ್ತೃ ಎಂಥ ಓದುಗನಾಗಿದ್ದಿರಬೇಕೆಂಬುದು ವನಪರ್ವವನ್ನು ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಅಲ್ಲಿ ಬಾಹುಕ ಗಿಡ್ಡ ತೋಳಿನ ಕುರೂಪಿ. ಅಯೋಧ್ಯೆಯ ಋತುಪರ್ಣನ ಲಾಯದವನು, ಅಡುಗೆ ಬಲ್ಲವನು. ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿ ಕೇಳಿ ಒಂದೇ ಹಗಲಿನಲ್ಲಿ ರಥವನ್ನು ವಿದರ್ಭಕ್ಕೆ ಓಡಿಸುವಾಗ ಋತುಪರ್ಣನ ಉತ್ತರೀಯ ಹಾರಿಹೋಗುತ್ತದೆ. ನಿಲ್ಲಿಸು ಎಂದರೆ, ಅದು ಆಗಲೇ ಯೋಜನ ದೂರ ಹಿಂದೆ ಉಳಿಯಿತೆಂಬ ಉತ್ತರ. ತಾರೆಮರದ ಕಾಯಿ ಎಲೆಗಳ ಲೆಕ್ಕವನ್ನು ದೊರೆ ನಿಂತಲ್ಲೇ ಹೇಳಿದರೆ, ಸಾರಥಿ ಮರ ಕಡಿದು ಎಣಿಸದೆ ಒಪ್ಪಲಾರೆನೆನ್ನುತ್ತಾನೆ. ಆಳು ಅರಸನಿಗೆ ಹೀಗೆ ಎದುರಾಡುವುದು ಹಾಸ್ಯಗಾರನ ಹುಟ್ಟುಗುಣ. ಮೂಲದಲ್ಲೇ ಇದ್ದ ನಗೆಯ ಎಳೆಯನ್ನು ನಡೆ ಕಂಡುಹಿಡಿದಿದೆ. ಹೊರಗಿನಿಂದ ತಂದು ಅಂಟಿಸಿಲ್ಲ. ಅದೇ ಬಾಹುಕ ಮುಂದೆ ತನ್ನ ಮಕ್ಕಳನ್ನು ಕಂಡು ಅಳುತ್ತಾನೆ. ಇಡೀ ರಾತ್ರಿ ನಗಿಸಿದವನ ಅಳುವಿಗೆ ಇರುವ ತೂಕ ನಳನ ಕಿರೀಟಕ್ಕೆ ಬರುವುದಿಲ್ಲ.

ಇಲ್ಲಿ ಕುಕ್ಕಿಲರ ಪಕ್ಷದವನಾದ ನಾನೇ ಅವರಿಂದ ಸ್ವಲ್ಪ ದೂರ ಸರಿಯಬೇಕು. ತೆಂಕುತಿಟ್ಟಿಗೂ ಕಥಕಳಿಗೂ ಇರುವ ನಂಟನ್ನು ಅವರ ದಾರಿಯಲ್ಲಿ ನಡೆದವರು ವೇಷಭೂಷಣ, ಚೆಂಡೆ, ರಾಮನಾಟ್ಟದ ಕಥಾವಿಭಜನೆಗಳಲ್ಲಿ ತೋರಿಸುತ್ತಾರೆ, ಒಪ್ಪತಕ್ಕ ಮಾತು. ಆದರೆ ಬಾಹುಕನನ್ನು ಕೇಳಿ. ಉಣ್ಣಾಯಿ ವಾರಿಯರ್ ನಾಲ್ಕು ದಿನಗಳ ಆಟವಾಗಿ ಬರೆದ ‘ನಳಚರಿತಂ’ನಲ್ಲಿ ಮೂರನೆಯ ದಿನದ ಬಾಹುಕ ಘನ ಶೋಕದ ಪಾತ್ರ; ಹಿರಿಯ ನಟರು ಹಂಬಲಿಸುವ ವೇಷ. ಕಥಕಳಿಯ ನಟ ಮಾತಾಡುವುದಿಲ್ಲ. ಅಲ್ಲಿ ಹಾಸ್ಯಗಾರನ ಮಾತಿಗೆ ಜಾಗವಿಲ್ಲ. ಕಥೆ ಒಂದೇ, ಚಂದ್ರಗಿರಿ ಹೊಳೆಯ ಎರಡೂ ಕಡೆ ಅದನ್ನು ಬಲ್ಲ ಜನ. ಆದರೂ ಬಾಹುಕ ಕುಂಬಳೆ ಸೀಮೆಯಲ್ಲಿ ಬೇರೆಯೇ ಆದ. ಈ ವ್ಯತ್ಯಾಸ ಎರವಲಿನಿಂದ ಬರುವಂಥದ್ದಲ್ಲ, ಯಾರೋ ಯೋಚಿಸಿ ಮಾಡಿದ್ದು.

ಹಾಗಾದರೆ ಕೇರಳದ ಸಂಸ್ಕೃತ ನಾಟಕ ಕೂಡಿಯಾಟ್ಟಂನ ವಿದೂಷಕ ನಮ್ಮ ಹಾಸ್ಯಗಾರನ ಅಣ್ಣನಿರಬಹುದೇ ಎಂದು ಕೇಳುವವರಿದ್ದಾರೆ. ಅರಸ ಸಂಸ್ಕೃತದಲ್ಲಿ ಶ್ಲೋಕ ಹೇಳಿದರೆ ವಿದೂಷಕ ಮಲಯಾಳದಲ್ಲಿ ಅದರ ಅಣಕು ಶ್ಲೋಕ ಹೇಳುತ್ತಾನೆ. ಧರ್ಮಾರ್ಥಕಾಮಮೋಕ್ಷಗಳ ಜಾಗದಲ್ಲಿ ಊಟ, ರಾಜಸೇವೆ, ವಿನೋದ, ವಂಚನೆಗಳನ್ನು ಪುರುಷಾರ್ಥವಾಗಿಸುತ್ತಾನೆ. ಹೋಲಿಕೆ ಇದೆ. ಆದರೆ ನನಗೆ ಬೇಕಾದ ಪಾಠ ಬೇರೆ: ಕೂಡಿಯಾಟ್ಟಂ ಆಡುವ ಚಾಕ್ಯಾರರು ತಮ್ಮ ರಂಗದ ಕ್ರಮವನ್ನೂ ವಿವರಣೆಯನ್ನೂ ಆಟ್ಟಪ್ರಕಾರಗಳೆಂಬ ಕೈಪಿಡಿಗಳಲ್ಲಿ ಬರೆದಿಟ್ಟರು. ಕೇರಳದಲ್ಲಿ ಬರೆದಿಟ್ಟದ್ದರಿಂದ ಅದು ಗ್ರಂಥವಾಯಿತು. ನಮ್ಮಲ್ಲಿ ಬಾಯಲ್ಲಿ ಉಳಿದದ್ದರಿಂದ ಬೆರಕೆಯಾಯಿತು! ಓಲೆ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಕರ್ತೃತ್ವ ಕೊಡುವ ಈ ನ್ಯಾಯ ನನಗೆ ಅರ್ಥವಾಗುವುದಿಲ್ಲ.

ಹಾಸ್ಯ ಬೆರಕೆಯಲ್ಲವೆಂಬುದಕ್ಕೆ ಪೋಷಕವಾಗಿ ಇನ್ನೆರಡು ಸಂಗತಿಗಳಿವೆ. ಪೂರ್ವರಂಗದಲ್ಲಿ ಆಡುತ್ತಿದ್ದ ಕಟ್ಟುಹಾಸ್ಯಗಳು ಮುಂದಿನ ಪ್ರಸಂಗದ ಕಥೆಗೆ ಸಂಬಂಧವೇ ಇಲ್ಲದ ಸ್ವತಂತ್ರ ನಗೆ ತುಣುಕುಗಳು. ‘ಕಟ್ಟು’ ಎಂಬ ಮಾತೇ ಸಾಕ್ಷಿ: ಕಟ್ಟಿದ್ದು, ಕ್ರಮವಿರುವುದು, ಇನ್ನೊಬ್ಬನಿಗೆ ಕಲಿಸಬಹುದಾದದ್ದು. ಎರಡನೆಯದು, ಬಾಯಾರಿನ ಸಂಕಯ್ಯ ಭಾಗವತರು 1887ರಲ್ಲಿ ಅಚ್ಚಿಗೆ ತಂದ ತುಳು ಪಂಚವಟಿ-ವಾಲಿಸುಗ್ರೀವರ ಕಾಳಗ. ಡೇರೆ ಮೇಳಗಳ ಕಾಲದಲ್ಲಿ ಹಾಸ್ಯಗಾರರೇ ತುಳುವನ್ನು ರಂಗಕ್ಕೆ ಎಳೆದುತಂದು ಕೆಡಿಸಿದರೆಂದು ಮೂಗು ಮುರಿಯುವವರು ಈ ಪುಸ್ತಕವನ್ನು ನೆನೆಯುವುದಿಲ್ಲ. ಪಾರ್ತಿಸುಬ್ಬನ ಪದಗಳನ್ನೇ ಒಬ್ಬ ಭಾಗವತ, ಕುಂಬಳೆ ಸೀಮೆಯಲ್ಲೇ, ತುಳುವಿಗೆ ತಂದಿದ್ದ; ತುಳುವೂ ಹಾಸ್ಯಗಾರ ತಂದ ಬೆರಕೆಯಲ್ಲ.

ಪ್ರತಿವಾದಕ್ಕೂ ಬಲವಿದೆಯೆಂದು ಒಪ್ಪುತ್ತೇನೆ. ಹಾಸ್ಯಗಾರ ಮಿಜಾರು ಅಣ್ಣಪ್ಪನವರ ತುಳು ಹಾಸ್ಯವನ್ನು ಹಳೆಯ ನಡೆಯಿಂದಲೇ ವಿವರಿಸಲಾಗದು. ಅದರಲ್ಲಿ ಅವರ ಕಾಲದ ಪೇಟೆಯೂ ಇದೆ, ಅವರೂ ಇದ್ದಾರೆ. ಪೆರುವೋಡಿ ನಾರಾಯಣ ಭಟ್ಟರು ‘ಪಾಪಣ್ಣ ವಿಜಯ’ದ ಪಾಪಣ್ಣನನ್ನು ಎಷ್ಟು ತಮ್ಮದಾಗಿಸಿಕೊಂಡರೆಂದರೆ ಜನ ಅವರನ್ನೇ ಪಾಪಣ್ಣ ಭಟ್ಟರೆಂದರು. ಆದರೆ ಪಾಪಣ್ಣನೂ ಬಾಹುಕನಂತೆ ಕುರೂಪದೊಳಗೆ ಅಡಗಿದ ನಾಯಕನೇ ಅಲ್ಲವೆ? ಹೊಸ ಪ್ರಸಂಗ ಬಂದಾಗ ಹಾಸ್ಯಗಾರನ ಕೈಗೆ ಹಳೆಯ ನಡೆಯೇ ಸಿಕ್ಕಿತು. ಆ ಚೌಕಟ್ಟಿನೊಳಗೆ ಅವನು ತನ್ನದನ್ನು ಕಟ್ಟಿದ. ಪದಕರ್ತನೂ ಭಾರತ ರಾಮಾಯಣಗಳ ಚೌಕಟ್ಟಿನೊಳಗೆ ಮಾಡಿದ್ದು ಇದನ್ನೇ. ಅವನಿಗೆ ಕವಿ ಎಂಬ ಹೆಸರು, ಇವನಿಗೆ ಬರೀ ನಗಿಸುವವನೆಂಬ ಹೆಸರು.

(ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದದ್ದು ಯೋಗ್ಯವೇ, ಅದಿಲ್ಲದೆ ನಾವು ಯಾರೂ ಈ ಹೊಲದಲ್ಲಿ ನೇಗಿಲು ಹಿಡಿಯುತ್ತಿರಲಿಲ್ಲ. ಆದರೆ ಅವರ ಯಕ್ಷಗಾನ ಬ್ಯಾಲೆ ಮಾತನ್ನು ಬಿಟ್ಟಾಗ ಮೊದಲು ನಿರುದ್ಯೋಗಿಯಾದವನು ಯಾರೆಂದು ಕೇಳುವ ಹಕ್ಕು ನನಗಿದೆ.)

ನನ್ನ ಬೇಡಿಕೆ ಸಣ್ಣದು. ಇನ್ನು ಮುಂದೆ ಪ್ರಸಂಗಗಳನ್ನು ಸಂಪಾದಿಸುವವರು ಪದದ ಕೆಳಗೆ ಪಾಠಾಂತರ ಕೊಡುವಂತೆ ನಡೆಯನ್ನೂ ಕೊಡಲಿ: ಯಾವ ಮೇಳ, ಯಾವ ಹಾಸ್ಯಗಾರ, ಭಾಗವತನೊಡನೆ ಯಾವ ಮಾತು. ಹಳೆಯ ಹಾಸ್ಯಗಾರರೂ ಅವರ ಜೊತೆ ಕುಣಿದವರೂ ಇರುವಾಗಲೇ ಈ ಕೆಲಸ ಆಗಬೇಕು. ನಾವು ಈವರೆಗೆ ಋತುಪರ್ಣನಂತೆ ರಥದಲ್ಲಿ ಕೂತೇ ಮರದ ಲೆಕ್ಕ ಹೇಳಿದ್ದೇವೆ. ಅವನಿಗೆ ಆ ವಿದ್ಯೆ ಸಿದ್ಧಿಸಿತ್ತು; ನಮಗಿಲ್ಲ. ಕೆಳಗಿಳಿದು ಎಣಿಸೋಣ.