ನಿಂಬೆಯ ಚಿಗುರು, ಕಾರವಾರದ ಸಾಹೇಬರು

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ಸಿಂದಗಿ ತಾಲ್ಲೂಕಿನ ಮೋರಟಗಿಯ ಎರೆಹೊಲಗಳಲ್ಲಿ ಬಿಳಿಜೋಳದ ಸುಗ್ಗಿ ಮುಗಿಯುತ್ತ ಬಂದಿರುತ್ತದೆ, ನೆಲ ಬಿರಿಯತೊಡಗುತ್ತದೆ. ಇಂಥ ಬಯಲಿಗೆ ಕ್ಯಾಮರಾ ಹೊತ್ತು ಪಾತರಗಿತ್ತಿಯನ್ನು ಹುಡುಕಿಕೊಂಡು ಹೋದೆನೆಂದರೆ ಮಲೆನಾಡಿನ ಮಿತ್ರರು ನಗುತ್ತಾರೆ. ನಗಲಿ. ಬದುವಿನ ಎಕ್ಕೆ, ಬೋರೆಯ ಪೊದೆ, ತೋಟದ ನಿಂಬೆ ಇಷ್ಟಿದ್ದರೆ ಅದರ ಸಂಸಾರ ಸಾಗುತ್ತದೆ.

'ಪಾತರಗಿತ್ತಿ' ನಮ್ಮ ಸೀಮೆಯ ಮಾತು. ಪಾತರದವಳು ಎಂದರೆ ಕುಣಿಯುವವಳು. ಹಳೆ ಮೈಸೂರಿನವರ 'ಚಿಟ್ಟೆ'ಯಲ್ಲಿ ಈ ಕುಣಿತವಿಲ್ಲ. ಬೇಂದ್ರೆಯವರು ಈ ಆಡುಮಾತನ್ನು ಕವಿತೆಗೆ ತಂದ ಮೇಲೆ ಅದು ನಾಡಿನ ಮಕ್ಕಳ ಬಾಯಲ್ಲೆಲ್ಲ ನೆಲೆಸಿತು. ಆದರೆ ಬಣ್ಣದ ಹಿಂದಿರುವ ಹುಳುವನ್ನು ನೋಡಿ, ಅದು ಯಾವ ಎಲೆ ತಿಂದಿತು, ಎಷ್ಟು ಸಲ ಪೊರೆ ಬಿಟ್ಟಿತು ಎಂದು ಬರೆದಿಟ್ಟವರು ಬೇರೆಯೇ ಜನ.

1883ರಲ್ಲಿ ಮುಂಬಯಿಯಲ್ಲಿ ನಿಸರ್ಗ ಇತಿಹಾಸ ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಇ. ಎಚ್. ಐಟ್ಕನ್ ಉಪ್ಪು-ಸುಂಕದ ಇಲಾಖೆಯವರು, ಜೆ. ಡೇವಿಡ್ಸನ್ ಉತ್ತರ ಕನ್ನಡದ ಕಲೆಕ್ಟರು, ಟಿ. ಆರ್. ಬೆಲ್ ಐರ್ಲೆಂಡಿನಲ್ಲಿ ಹುಟ್ಟಿ ಇಲ್ಲಿ ಅರಣ್ಯಾಧಿಕಾರಿಯಾದವರು. ಮೂವರೂ ಕೂಡಿ 1896ರಿಂದ ಸಂಘದ ಪತ್ರಿಕೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಚರಿತ್ರೆಯನ್ನು ಕಂತುಕಂತಾಗಿ ಪ್ರಕಟಿಸಿದರು. ಆ ಕಾಲದ ಅರಣ್ಯ ಕಟ್ಟಳೆಗಳಿಂದ ನಮ್ಮ ರೈತರು ಪಟ್ಟ ಪಾಡನ್ನು ಮರೆಯುವಂತಿಲ್ಲ. ಆದರೂ, ಹಗಲು ಸುಂಕ-ಕಂದಾಯಗಳ ಲೆಕ್ಕ ನೋಡಿದ ಕಣ್ಣುಗಳೇ ಹುಳುವಿಗೆ ಎಲೆ ಹಾಕಿ ಅದರ ಬೆಳವಣಿಗೆಯನ್ನು ಕಾದದ್ದೂ ನಿಜ. 1909ರಿಂದ ಬೆಲ್ ಒಬ್ಬರೇ ಭಾರತದ ಬಯಲುನಾಡಿನ ಸಾಮಾನ್ಯ ಚಿಟ್ಟೆಗಳ ಮೇಲೆ ದೀರ್ಘ ಲೇಖನಮಾಲೆಯನ್ನು ಬರೆದರು. ನಿವೃತ್ತರಾದ ಮೇಲೂ ತಾಯ್ನಾಡಿಗೆ ಮರಳದೆ ಕಾರವಾರದಲ್ಲೇ ಉಳಿದು, 1948ರಲ್ಲಿ ತೀರಿಕೊಂಡರು. ಅವರ ಕೈಯಲ್ಲಿದ್ದದ್ದು ಬಲೆ ಮತ್ತು ಸೂಜಿ. ಹಿಡಿದದ್ದನ್ನು ಕೊಂದು ಪೆಟ್ಟಿಗೆಗೆ ಚುಚ್ಚದೆ ಆಗ ಸಾಕ್ಷಿಯೇ ಇರಲಿಲ್ಲ. ಇಂದು ತಾರೀಖು, ಊರು ಬರೆದಿಟ್ಟ ಒಂದು ಛಾಯಾಚಿತ್ರವೂ ಸಾಕ್ಷಿಯಾಗಿ ನಿಲ್ಲುತ್ತದೆ.

ಎಕ್ಕೆಯ ಮೇಲೆ ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯನ್ನೇ ನೋಡಿ. ಈಜಿಪ್ಟಿನ ನೆಬಾಮುನ್ ಎಂಬ ಅಧಿಕಾರಿಯ ಗೋರಿಯಲ್ಲಿ, ಸುಮಾರು 3300 ವರ್ಷಗಳ ಹಿಂದೆ, ಚಿತ್ರಕಾರ ಅದನ್ನು ಗುರುತು ಸಿಗುವಷ್ಟು ಸ್ಪಷ್ಟವಾಗಿ ಬರೆದಿದ್ದಾನೆ. ಮೋರಟಗಿಯ ಬದುವಿನಲ್ಲಿ ಅದೇ ಪ್ರಾಣಿ ಇಂದಿಗೂ ಯಾರ ಹಂಗೂ ಇಲ್ಲದೆ ಹಾರುತ್ತಿದೆ.

ಚಿತ್ರ ತೆಗೆಯಲು ಬೆಳಗಿನ ಹೊತ್ತೇ ಲೇಸು. ಚಿಟ್ಟೆಗೆ ತನ್ನದೇ ಮೈಬಿಸಿ ಸಾಲದು. ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಂಡ ಮೇಲೆಯೇ ಅದು ಹಾರುವುದು. ನಮ್ಮ ನೆರಳು ಅದರ ಮೇಲೆ ಬೀಳದಂತೆ ತಗ್ಗಿ ಹೋಗಬೇಕು. ನನ್ನ ಮೊಣಕಾಲಿಗೆ ಇದು ಶಿಕ್ಷೆಯೇ.

ನಾನು ಹೋದದ್ದು ಒಂದು ನಿಂಬೆಯ ತೋಟಕ್ಕೆ. 2023ರಲ್ಲಿ ಇಂಡಿಯ ನಿಂಬೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಸಿಂದಗಿಯ ಕಡೆಗೂ ಅನೇಕ ಮನೆಗಳ ಅನ್ನ ಆ ಗಿಡದಲ್ಲಿದೆ. ನಿಂಬೆ ಚಿಟ್ಟೆ ತತ್ತಿ ಇಡುವುದು ಎಳೆಚಿಗುರಿನ ಮೇಲೆ. ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು ಹಕ್ಕಿಗಳಿಂದ ಪಾರಾಗುತ್ತದೆ; ಬಲಿತ ಮೇಲೆ ಹಸಿರಾಗಿ, ಕೆಣಕಿದರೆ ತಲೆಯ ಹಿಂದಿನಿಂದ ಕವಲೊಂದನ್ನು ಚಾಚಿ ನಾರುತ್ತದೆ. ನಾನು ಅದರ ಚಿತ್ರ ತೆಗೆಯುತ್ತಿದ್ದಾಗ ತೋಟದ ಯಜಮಾನರು ಔಷಧದ ಪಂಪು ಬೆನ್ನಿಗೇರಿಸಿ ಬಂದರು.

"ಮಾಸ್ತರ್ರ, ನಿಮ್ಮ ಫೋಟೋಕ್ಕ ನನ್ನ ಚಿಗರು ತಿನಸ್ಲೇನ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಬಲಿತ ಮರ ನಾಲ್ಕು ಎಲೆ ಕಳೆದುಕೊಂಡರೂ ತಾಳಿಕೊಳ್ಳುತ್ತದೆ. ಅವರು ಹೊಸದಾಗಿ ನೆಟ್ಟ ಸಸಿಗಳನ್ನು ಈ ಹುಳು ಬೋಳು ಮಾಡಬಲ್ಲದು. ಸಸಿಗಳ ಮೇಲಿನ ಹುಳುಗಳನ್ನು ಕೈಯಿಂದ ಆರಿಸಿದರೆ ಸಾಲದೇ ಎಂದು ಮೆಲ್ಲಗೆ ಕೇಳಿದೆ. "ಆಳು ಎಲ್ಲ್ಯಾವ್ರಿ?" ಎಂದರು. ಅದೂ ಸರಿಯೇ. ನಾವಿಬ್ಬರೂ ಒಂದು ಸಾಲಿನ ಸಸಿಗಳನ್ನು ಆರಿಸಿದೆವು; ಆರಿಸಿದವನ್ನು ಬಾವಿಯ ದಂಡೆಯ ಹಳೆಯ ಮರಕ್ಕೆ ಬಿಟ್ಟೆವು. ಉಳಿದ ಸಾಲುಗಳಿಗೆ ಅವರು ಔಷಧ ಹೊಡೆದರು. ಆ ಹಳೆಯ ಮರಕ್ಕೆ ಮಾತ್ರ ಹೊಡೆಯಲಿಲ್ಲ. "ಅದು ನಿಮ್ಮ ಪಾಲು, ಹೋಗ್ರಿ" ಎಂದರು.

ಮರದ ಮೇಲೆ ಹನ್ನೊಂದು ಹುಳುಗಳಿದ್ದವು. ಎಣಿಸಿ, ತಾರೀಖು ಹಾಕಿ ಬರೆದುಕೊಂಡೆ.